ಅಂಬುಜತ್ತೆಯ ಮೂರನೇ ದೀಪ

ಒಂದು ಮನೆ ಇತ್ತಂತೆ. ಆ ಮನೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇತ್ತಂತೆ. ಅದರ ಹೆಸರು ನೆಟ್‌ವರ್ಕ್ ಸ್ವಿಚ್ಚು, ಹೊರಗಿನಿಂದ ಬಂದ ಇಂಟರ್ನೆಟ್ಟನ್ನ ಮನೆಯೊಳಗೆ ಹಂಚೋದು ಅದರ ಕೆಲಸ. ಮನೆಯವರು ಮಾತ್ರ ಪೆಟ್ಟಿಗೆ ಅಂತಲೇ ಕರೀತಿದ್ದರು. ಪೆಟ್ಟಿಗೆಗೆ ಮೂರು ವೈರು, ಮೂರು ಹಸಿರು ದೀಪ. ಹೊರಗಿನಿಂದ ಬರೋ ವೈರಿಗೆ ಒಂದನೇ ದೀಪ. ಟೀವಿಗೆ ಎರಡನೇ ದೀಪ. ಕಂಪ್ಯೂಟರಿಗೆ ಮೂರನೇ ದೀಪ.

ಅವತ್ತು ಆ ಮನೆಯ ಅಂಬುಜತ್ತೆಯ ತಮ್ಮನ ಮಗಳಿಗೆ ನಾಮಕರಣ. ತೊಟ್ಟಿಲು ಇರೋದು ದೂರದ ಊರಲ್ಲಿ. ಕೂಸಿನ ಕಿವಿಯಲ್ಲಿ ಹೆಸರು ಹೇಳೋದು ಯಾರು? ಸೋದರತ್ತೆ! ಆದರೆ ಸೋದರತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಕಾಲು ಉಳುಕಿತ್ತು. ಫೋನು ಒಡೆದಿತ್ತು. "ಕಂಪ್ಯೂಟರಲ್ಲೇ ಹೇಳಕ್ಕಾ" ಅಂದಿದ್ದ ತಮ್ಮ. ಹನ್ನೊಂದಕ್ಕೆ ಮುಹೂರ್ತ. ಹತ್ತೂವರೆಗೆ ನೋಡಿದರೆ, ಮೂರನೇ ದೀಪ ಆರಿದೆ!

ಅತ್ತೆಯ ಅಪ್ಪ, ಅಂದರೆ ಅಜ್ಜ, ಓಡಿಬಂದ. ಪೆಟ್ಟಿಗೆ ಒರೆಸಿದ. ಪೆಟ್ಟಿಗೆಗೆ ಎರಡು ಬಡಿದ. ಪೆಟ್ಟಿಗೆಗೆ ಕುಂಕುಮ ಇಟ್ಟ. ದೀಪ ಹತ್ತಲಿಲ್ಲ. "ಕೆಟ್ಟಿದೆ" ಅಂದ, ಎಲ್ಲ ತಿಳಿದವನ ಹಾಗೆ.

ಅಂಬುಜತ್ತೆಗೆ ಅಳು ಬಂತು. ಮುಹೂರ್ತಕ್ಕೆ ತಾನು ಸಿಗದಿದ್ದರೆ, ಹೆಸರು ಬೇರೆ ಯಾರೋ ಹೇಳಿಬಿಡ್ತಾರೆ.

"ದೀಪವೇ ದೀಪವೇ, ಯಾಕೆ ಆರಿದೆ?"

"ನಾನು ಕೆಟ್ಟಿಲ್ಲ ಕಣಮ್ಮ. ಆಚೆ ತುದೀಲಿ ಯಾರಾದರೂ ಇದ್ದರೆ ಹತ್ತುತ್ತೀನಿ. ಮಾತು ಹರಿದರೆ ಮಿಣುಕ್ತೀನಿ. ಯಾರೂ ಇಲ್ಲದಿದ್ದರೆ ಆರ್ತೀನಿ. ಹೋಗು, ವೈರನ್ನ ಕೇಳು."

ಕುಂಟ್ತಾ ಕುಂಟ್ತಾ ಅತ್ತೆ ವೈರಿನ ಹತ್ತಿರ ಹೋದಳು.

"ವೈರೇ ವೈರೇ, ದೀಪ ಹತ್ತೋದಿಲ್ಲ. ನೀನು ಕಂಪ್ಯೂಟರು ಸೇರು."

"ಆಗೋಲ್ಲ. ಕಂಪ್ಯೂಟರು ಕೂತಿರೋ ಮೇಜು ದೂರ ಹೋಯ್ತು, ನಾನು ಕಿತ್ತುಬಂದೆ. ಈಗ ಎಟಕೋದಿಲ್ಲ. ಮೇಜನ್ನ ಕೇಳು."

ಕುಂಟ್ತಾ ಕುಂಟ್ತಾ ಅತ್ತೆ ಮೇಜಿನ ಹತ್ತಿರ ಹೋದಳು.

"ಮೇಜೇ ಮೇಜೇ, ವೈರು ಎಟಕೋದಿಲ್ಲ, ದೀಪ ಹತ್ತೋದಿಲ್ಲ. ನೀನು ಹಿಂದೆ ಸರಿ."

"ಆಗೋಲ್ಲ. ಬೆಳಿಗ್ಗೆ ನನ್ನನ್ನ ತಿರುಗಿಸಿದ್ದು ಅಜ್ಜ. ಅಜ್ಜನ್ನ ಕೇಳು."

ಆಹಾ, ಅಜ್ಜ! ಕುಂಟ್ತಾ ಕುಂಟ್ತಾ ಅತ್ತೆ ಅಜ್ಜನ ಹತ್ತಿರ ಹೋದಳು.

"ಅಪ್ಪಾ ಅಪ್ಪಾ, ಮೇಜು ಸರಿಯೋದಿಲ್ಲ, ವೈರು ಎಟಕೋದಿಲ್ಲ, ದೀಪ ಹತ್ತೋದಿಲ್ಲ. ನೀವು ಮೇಜು ತಿರುಗಿಸಿ."

"ಆಗೋಲ್ಲ ಮಗಳೇ. ಹೆಸರು ಹೇಳೋವಾಗ ಪೂರ್ವಕ್ಕೇ ಮುಖ ಮಾಡಬೇಕು. ಭಟ್ಟರು ಹೇಳಿದ್ದಾರೆ. ಭಟ್ಟರನ್ನ ಕೇಳು."

ಅತ್ತೆ ಕೈಲಿ ಹೆಸರು ಹೇಳಿಸೋಕೆ ಬಂದಿದ್ದ ಭಟ್ಟರು ಜಗಲಿ ಮೇಲೆ ಕಾಫಿ ಕುಡೀತಿದ್ದರು. ಕುಂಟ್ತಾ ಕುಂಟ್ತಾ ಅತ್ತೆ ಅಲ್ಲಿಗೂ ಹೋದಳು.

"ಭಟ್ಟರೇ ಭಟ್ಟರೇ, ಅಪ್ಪ ಕೇಳೋದಿಲ್ಲ, ಮೇಜು ಸರಿಯೋದಿಲ್ಲ, ವೈರು ಎಟಕೋದಿಲ್ಲ, ದೀಪ ಹತ್ತೋದಿಲ್ಲ!"

ಭಟ್ಟರು ಲೋಟ ಕೆಳಗಿಟ್ಟರು. "ಅಯ್ಯೋ, ನಾನು ಹೇಳಿದ್ದು ನಿನ್ನ ಮುಖಕ್ಕಮ್ಮ! ಮೇಜಿಗೆ ಯಾವ ಶಾಸ್ತ್ರ? ಕಿವೀಲಿ ಹೇಳೋವಾಗ ಮುಖ ಪಕ್ಕಕ್ಕೆ ತಿರುಗಿಸ್ತೀಯಲ್ಲ, ಪೂರ್ವಕ್ಕೆ ತಿರುಗಿಸು. ಸಾಕು."

ಹನ್ನೊಂದಕ್ಕೆ ಇನ್ನು ಐದೇ ನಿಮಿಷ!

ಭಟ್ಟರು ಅಜ್ಜನಿಗೆ ಹೇಳಿದರು. ಅಜ್ಜ ಮೇಜು ತಿರುಗಿಸಿದ. ಮೇಜು ಹಿಂದೆ ಸರಿಯಿತು. ವೈರು ಎಟಕಿತು, ಕಂಪ್ಯೂಟರಲ್ಲಿ ಟಕ್ ಅಂತ ಕೂತಿತು. ಮೂರನೇ ದೀಪ ಹತ್ತಿತು!

"ನಾನು ಬಡಿದದ್ದಕ್ಕೇ ಈಗ ಹತ್ತಿತು ನೋಡು" ಅಂದ ಅಜ್ಜ.

ಕಂಪ್ಯೂಟರಲ್ಲಿ ತೊಟ್ಟಿಲು ಕಂಡಿತು. ತೊಟ್ಟಿಲಲ್ಲಿ ಕೂಸು ಕಂಡಿತು. ತಮ್ಮ ತನ್ನ ಫೋನನ್ನ ಕೂಸಿನ ಕಿವಿಗೆ ಹಿಡಿದ. ಅಂಬುಜತ್ತೆ ಪೂರ್ವಕ್ಕೆ ಮುಖ ತಿರುಗಿಸಿದಳು. ಮೆಲ್ಲಗೆ, ತುಂಬ ಮೆಲ್ಲಗೆ, ಹೆಸರು ಹೇಳಿದಳು.

ಮೂರನೇ ದೀಪ ಮಿಣುಕ್ ಮಿಣುಕ್ ಅಂತು.

"ಅಯ್ಯಯ್ಯೋ, ಮಿಣುಕ್ತಿದೆ! ಮತ್ತೆ ಕೆಟ್ಟಿತು! ಎರಡು ಬಡೀಲಾ?" ಅಜ್ಜ ಕೈ ಎತ್ತಿಯೇಬಿಟ್ಟ.

"ಅಪ್ಪಾ, ಕೈ ಇಳಿಸಿ! ಅದು ಹೆಸರು ಹೋಗ್ತಾ ಇರೋದು!"

ಅಜ್ಜ ಕೈ ಇಳಿಸಿದ. ದೂರದ ಊರಲ್ಲಿ ಕೂಸು ಬಾಯಿ ಅಗಲಿಸಿ ನಕ್ಕಿತು. ಅಂಬುಜತ್ತೆ ಅತ್ತಳು, ನಕ್ಕಳು, ಮತ್ತೆ ಅತ್ತಳು.

ಕೂಸಿನ ಹೆಸರೇನು ಅಂತೀರಾ? ಅತ್ತೆಗೆ ಗೊತ್ತು, ಕೂಸಿಗೆ ಗೊತ್ತು, ಮೂರನೇ ದೀಪಕ್ಕೆ ಗೊತ್ತು. ಅಜ್ಜನಿಗೆ ಮಾತ್ರ ಕೇಳಿಸಲೇ ಇಲ್ಲ. ಅವನು ಪೆಟ್ಟಿಗೆಗೆ ಇನ್ನೊಂದು ಸಲ ಕುಂಕುಮ ಇಡ್ತಾ ಇದ್ದ.