ಕಡಲಾಮೆ ತಿರುಗಿ ನೋಡದೆ ಹೋಗುವುದೇಕೆ

ಲೋಕ ಆಗಿನ್ನೂ ಹೊಸದು. ಕಡಲಿಗೆ ಉಪ್ಪು ಹಾಕಿದ್ದರೇ ಹೊರತು ಸರಿಯಾಗಿ ಕಲಸಿರಲಿಲ್ಲ. ಒಂದು ಕಡೆ ಬಾಯಿಗಿಟ್ಟರೆ ಸಪ್ಪೆ, ಇನ್ನೊಂದು ಕಡೆ ಬಾಯಿಗಿಟ್ಟರೆ ನಾಲಗೆ ಚುರುಗುಟ್ಟುತ್ತಿತ್ತು. ಯಾವ ಕಡೆಗೆ ನಡೆಯಬೇಕೆಂದು ಏಡಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಎಲ್ಲ ಕಡೆಗೂ ನಡೆದು ನೋಡುತ್ತಿತ್ತು.

ಆಗ ಕಡಲತೀರ ಎಷ್ಟು ಶಾಂತವಾಗಿತ್ತು ಗೊತ್ತೇ ಮಗೂ? ನಿನಗೆ ಹೇಗೆ ಗೊತ್ತಿರಬೇಕು ಪಾಪ, ನೀನು ಹುಟ್ಟಿದ್ದೇ ಗದ್ದಲದಲ್ಲಿ. ಆಗ ಏಡಿ ನಡೆದರೆ ಅದರ ಕಾಲಿನ ಸದ್ದು ಕೇಳುತ್ತಿತ್ತು. ತೆರೆ ಹಿಂದೆ ಸರಿದಾಗ ಮರಳು ನೀರು ಹೀರುವ ಸದ್ದೂ ಕೇಳುತ್ತಿತ್ತು. ಕಡಲಜ್ಜ ಮಾತಾಡಿದರೂ ಪಕ್ಕದಲ್ಲಿ ಮಗು ಮಲಗಿದೆ ಎಂಬ ಹಾಗೆ ಮೆಲ್ಲಗೆ ಮಾತಾಡುತ್ತಿದ್ದ.

ಆಗಿನ ಕಡಲಾಮೆಯೂ ಈಗಿನ ಹಾಗಲ್ಲ. ಹಗಲು ಹೊತ್ತಿನಲ್ಲೇ ದಡಕ್ಕೆ ಬರುತ್ತಿದ್ದಳು. ಮರಳಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ, ಅಲ್ಲೇ ಪಕ್ಕದಲ್ಲಿ ಕೂರುತ್ತಿದ್ದಳು. ಹಸಿವಾದರೆ ಒಂದು ಮುಳುಗು ಹಾಕಿ ಏನಾದರೂ ತಿಂದು ಬಂದು ಮತ್ತೆ ಕೂರುತ್ತಿದ್ದಳು. ಕೂತು ಏನು ಮಾಡುತ್ತಿದ್ದಳು? ಕಿವಿಗೊಡುತ್ತಿದ್ದಳು. ಅದೇ ಅವಳ ಕೆಲಸ.

ಮರಿಗಳು ಬಲಿತ ಮೇಲೆ ಮೊಟ್ಟೆಯನ್ನು ಒಳಗಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದವು.

“ಅಮ್ಮಾ, ಬರಲಾ?”

ಆಮೆ ತಲೆಯೆತ್ತಿ ಆಕಾಶ ನೋಡುತ್ತಿದ್ದಳು. ಹದ್ದು ಹಾರುತ್ತಿದ್ದರೆ “ತಡಿ ಮಗಾ” ಎನ್ನುತ್ತಿದ್ದಳು. ಮರಳು ಸುಡುತ್ತಿದ್ದರೆ “ತಡಿ ಮಗಾ” ಎನ್ನುತ್ತಿದ್ದಳು. ನೀರು ದೂರ ಹೋಗಿದ್ದರೂ “ತಡಿ ಮಗಾ” ಎನ್ನುತ್ತಿದ್ದಳು. ಹದ್ದು ಗುಡ್ಡದಾಚೆ ಹೋಗಿ, ಮರಳು ತಣಿದು, ನೀರು ಹತ್ತಿರ ಬಂದಾಗ ಮಾತ್ರ ಮರಳಿಗೆ ಬಾಯಿಟ್ಟು “ಈಗ ಬನ್ನಿ” ಎನ್ನುತ್ತಿದ್ದಳು. ಮರಿಗಳು ಬಂದು, ಅಮ್ಮನ ಬೆನ್ನ ಹಿಂದೆಯೇ ಕಡಲಿಗಿಳಿಯುತ್ತಿದ್ದವು. ಒಂದೂ ಕಡಿಮೆಯಾಗುತ್ತಿರಲಿಲ್ಲ.

ಹದ್ದಿಗೆ ಇದು ಹಿಡಿಸುತ್ತಿರಲಿಲ್ಲ. “ಇಷ್ಟೊಂದು ಇದ್ದಾವಲ್ಲ, ಒಂದಾದರೂ ನನಗೆ ಬಿಡಬಾರದೇ?” ಎಂದು ಕೇಳುತ್ತಿತ್ತು.

“ನಿನ್ನ ಗೂಡಿಗೆ ಬಂದು ನಾನು ಯಾವತ್ತಾದರೂ ಹಾಗೆ ಕೇಳಿದ್ದೇನಾ?” ಎನ್ನುತ್ತಿದ್ದಳು ಆಮೆ. ಹದ್ದು ಗುಡ್ಡದಾಚೆ ಹಾರಿಹೋಗುತ್ತಿತ್ತು.

ಆ ತೀರದಲ್ಲಿ ಮನುಷ್ಯರ ಒಂದು ಸಣ್ಣ ಕೇರಿಯೂ ಇತ್ತು. ಮೀನು ಹಿಡಿಯುವ ಜನ. ಅವರದೊಂದು ಪದ್ಧತಿ ಇತ್ತು. ದೋಣಿ ದಡಕ್ಕೆ ಬಂದಾಗ ಒಂದು ಸಲ ಶಂಖ ಊದುವುದು. ಒಂದೇ ಸಲ, ಅದೂ ಮೆಲ್ಲಗೆ. ಸುತ್ತಲಿನ ಜನ ಬುಟ್ಟಿ ಹಿಡಿದು ಬಂದು ಅಕ್ಕಿ ಕೊಟ್ಟು ಮೀನು ಒಯ್ಯುತ್ತಿದ್ದರು. ಆ ಶಂಖದಿಂದ ಆಮೆಗೂ ತೊಂದರೆ ಇರಲಿಲ್ಲ. ಊದಿ ಮುಗಿದ ಮೇಲೆ ಮತ್ತೆ ಕಿವಿಗೊಟ್ಟರಾಯಿತು.

ಒಂದು ದಿನ ಜಟ್ಟನ ದೋಣಿಯೂ ಮಂಕಾಳಿಯ ದೋಣಿಯೂ ಒಟ್ಟಿಗೇ ದಡ ಮುಟ್ಟಿದವು. ಎರಡರಲ್ಲೂ ಬಂಗಡೆ ಮೀನು ತುಂಬಿತ್ತು. ಜಟ್ಟ ಒಂದು ಸಲ ಶಂಖ ಊದಿದ. ಮಂಕಾಳಿಯೂ ಒಂದು ಸಲ ಊದಿದ. ಊದಿ ಸುಮ್ಮನಾಗಬಹುದಿತ್ತಲ್ಲ? ಆಗಲಿಲ್ಲ. ಇನ್ನೊಂದು ಸಲ ಊದಿದ. ಬುಟ್ಟಿ ಹಿಡಿದ ಜನ ಮಂಕಾಳಿಯ ಕಡೆಗೆ ಹೋದರು.

ಮಾರನೆಯ ದಿನ ಜಟ್ಟ ಊದಿದ್ದಕ್ಕೆ ಲೆಕ್ಕವಿಲ್ಲ. ಕೆನ್ನೆ ಬಾತುಕೊಳ್ಳುವವರೆಗೆ ಊದಿದ. ಆಗ ಮಂಕಾಳಿ ಇನ್ನೂ ದೊಡ್ಡ ಶಂಖ ತಂದ. ಜಟ್ಟ ಮರ ಕೊರೆದು, ತೊಗಲು ಬಿಗಿದು, ಆಳೆತ್ತರದ ಡೋಲು ಮಾಡಿದ. ಮಂಕಾಳಿ ಕಂಚಿನ ಜಾಗಟೆ ನೇತುಹಾಕಿದ. ಒಬ್ಬನ ಸದ್ದು ಮುಚ್ಚಿಹಾಕಲು ಇನ್ನೊಬ್ಬನ ಸದ್ದು. ಮೊದಮೊದಲು ಮೀನು ಮಾರಲು ಬಡಿದರು. ಆಮೇಲೆ ಮೀನು ಸಿಕ್ಕಿದ ಖುಷಿಗೆ ಬಡಿದರು. ಸಿಗದ ದಿನ ಬೇಜಾರು ಕಳೆಯಲು ಬಡಿದರು. ಕಡೆಗೆ ಸದ್ದಿಲ್ಲದಿದ್ದರೆ ಅನ್ನ ಸೇರದು ಎನ್ನುವಲ್ಲಿಗೆ ಬಂತು. ಬೇರೆ ಊರಿನವರೂ ಕೇಳಲು, ಕುಣಿಯಲು ಬರತೊಡಗಿದರು. ಅವರಿಗೇನು, ಸಾಕಾದಾಗ ಮನೆಗೆ ಹೋಗುತ್ತಿದ್ದರು. ಮನೆ ಇಲ್ಲೇ ಇದ್ದವರು ಎಲ್ಲಿಗೆ ಹೋಗಬೇಕು?

ಆ ವರ್ಷವೂ ಆಮೆ ಬಂದು ಮೊಟ್ಟೆಯಿಟ್ಟು ಪಕ್ಕದಲ್ಲಿ ಕೂತಳು. ಕಿವಿಗೊಟ್ಟಳು. ಕೇಳಿದ್ದು ಡೋಲು. ಮರಳಿಗೆ ಕಿವಿ ಒತ್ತಿದಳು. ಆಗಲೂ ಕೇಳಿದ್ದು ಡೋಲು. ಮರಳೇ ಗಡಗಡ ನಡುಗುತ್ತಿತ್ತು. ಮಕ್ಕಳು ಕರೆದರೆ ತನಗೆ ಕೇಳುವುದಿಲ್ಲವಲ್ಲ!

ಅವಳು ಗಾಳಿಯನ್ನು ಕರೆದಳು. “ಗಾಳಿಯಣ್ಣಾ, ಆ ಸದ್ದನ್ನು ಆಚೆ ಕಡೆಗೆ ಹೊತ್ತುಕೊಂಡು ಹೋಗ್ತೀಯಾ?”

“ಕೊಟ್ಟದ್ದನ್ನು ಹೊರುವುದು ನನ್ನ ಕೆಲಸ” ಎಂದಿತು ಗಾಳಿ. “ಯಾವುದು ಹೊರಬೇಕು, ಯಾವುದು ಬಿಡಬೇಕು ಎಂದು ಆರಿಸಲು ಹೊರಟರೆ ನಾನು ಬೀಸುವುದು ಯಾವಾಗ?” ಹಾಗೆಂದು ಬೀಸಿಕೊಂಡು ಹೋಯಿತು.

ಅವಳು ಕಡಲಜ್ಜನನ್ನು ಕೇಳಿದಳು. “ಅಜ್ಜಾ, ನೀನಾದರೂ ಸ್ವಲ್ಪ ಗದರಿಸು.”

“ಗದರಿಸಬೇಕಾದರೆ ಅವರಿಗಿಂತ ಜೋರಾಗಿ ಕೂಗಬೇಕಲ್ಲ ಮಗಳೇ” ಎಂದ ಕಡಲಜ್ಜ. “ಆಗ ನಿನಗೆ ಇನ್ನೂ ಕೇಳಿಸುವುದಿಲ್ಲ.”

ಅದೂ ನಿಜವೇ. ಆಮೆ ತೆವಳುತ್ತ ಜಟ್ಟನ ಬಳಿಗೆ ಹೋದಳು.

“ಜಟ್ಟಾ, ನನ್ನ ಮಕ್ಕಳು ಬರುವ ಹೊತ್ತು ಹತ್ತಿರ ಬಂತು. ಸ್ವಲ್ಪ ನಿಲ್ಲಿಸು ಮಾರಾಯಾ.”

“ನಾ ನಿಲ್ಲಿಸೂಕೆ ತಯಾರೇ ಆಮಕ್ಕ” ಎಂದ ಜಟ್ಟ. “ಮೊದಲು ಆ ಮಂಕಾಳಿ ನಿಲ್ಲಿಸ್ಲಿ. ಶುರು ಮಾಡಿದ್ದು ಅವ ಅಲ್ದಾ?”

ಮಂಕಾಳಿಯ ಬಳಿಗೆ ಹೋದಳು. “ನಂದೆಂತ ದೊಡ್ಡ ಸದ್ದು?” ಎಂದ ಮಂಕಾಳಿ. “ಅವನ ಡೋಲಿನ ಎದುರು ನನ್ನ ಜಾಗಟೆ ನಂಗೇ ಕೇಳುದಿಲ್ಲ. ಅವಂಗೆ ಹೋಗಿ ಹೇಳು.”

ಕೊನೆಗೆ ಅವಳು ಕೇರಿಯ ಹಿರಿಯ ಹಮ್ಮಣ್ಣನ ಅಂಗಳಕ್ಕೆ ಹೋದಳು. ಹಮ್ಮಣ್ಣ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಂದ ಆಗುವ ಕೇಡಿಗೆ ಮದ್ದಿಲ್ಲ ನೋಡು. ಅವನು ಕೇರಿಯವರನ್ನೆಲ್ಲ ಕರೆಸಿ ಕೂರಿಸಿದ. ಆಮೆಯ ಬೆನ್ನು ಸವರಿದ.

“ನಿಂಗೆ ತೊಂದ್ರೆ ಆಗುದು ನಮಗೂ ಬೇಜಾರೇ ಆಮಕ್ಕ. ನಾವೆಂತ ಕಲ್ಲೆದೆಯವರಾ? ಮರಿ ಬರೂ ದಿನ ಯಾವುದು ಹೇಳು. ಆ ದಿನ ಇಡೀ ಕೇರಿಯಲ್ಲಿ ಒಬ್ರೂ ಕೆಮ್ಮೂದಿಲ್ಲ. ನಾ ನಿಂತು ನಿಲ್ಲಿಸ್ತೆ.”

“ದಿನ ನನಗೂ ಗೊತ್ತಿಲ್ಲ ಹಮ್ಮಣ್ಣಾ” ಎಂದಳು ಆಮೆ. “ಅವು ಒಳಗಿಂದ ಬಡಿದು ಕೇಳ್ತಾವೆ. ಆಗಲೇ ನನಗೆ ಗೊತ್ತಾಗುವುದು.”

“ಹಾಂ, ಹಾಗಾದ್ರೆ ಅವು ಬಡಿದ ಕೂಡ್ಲೇ ಬಂದು ಹೇಳು. ಆ ಕ್ಷಣವೇ ನಿಲ್ಲಿಸುವ.”

“ನೀವು ನಿಲ್ಲಿಸದೆ ಅವು ಬಡಿದದ್ದು ನನಗೆ ಕೇಳುವುದು ಹೇಗೆ?”

ಹಮ್ಮಣ್ಣ ಗಡ್ಡ ಕೆರೆದುಕೊಂಡ. ಸುತ್ತಲೂ ನೋಡಿದ. “ಅಲ್ಲ ಆಮಕ್ಕ, ದಿನ ಹೇಳದೆ ನಿಲ್ಲಿಸಿ ಅಂದ್ರೆ ಎಷ್ಟು ದಿನ ಅಂತ ನಿಲ್ಲಿಸುದು? ನೀನೂ ಸ್ವಲ್ಪ ಹೊಂದ್ಕೊಳ್ಳಬೇಕು” ಎಂದ.

ಹೌದು ಹೌದು, ಆಮೆಯೂ ಹೊಂದಿಕೊಳ್ಳಬೇಕು ಎಂದು ಎಲ್ಲರೂ ತಲೆದೂಗಿದರು. ಆಮೆಯ ಮಾತು ಕೇಳಿದೆವಲ್ಲ ಎಂದು ಅವರಿಗೆಲ್ಲ ಸಮಾಧಾನವಾಯಿತು. ಸಭೆ ಚೆನ್ನಾಗಿ ನಡೆದ ಖುಷಿಗೆ ಮತ್ತೆ ಡೋಲು ಬಡಿದರು.

ಒಬ್ಬಳು ಮಾತ್ರ ತಲೆದೂಗಿರಲಿಲ್ಲ. ಅವಳು ಜಟ್ಟನ ಹೆಂಡತಿ ಸೋಮಿ. ಅವಳ ತೊಟ್ಟಿಲಿನ ಕೂಸು ಡೋಲಿನ ಸದ್ದಿಗೆ ಬೆಚ್ಚಿ ಬೆಚ್ಚಿ ಎದ್ದು ಸೊರಗಿತ್ತು. ಅವಳು ಗಂಡನಿಗೆ ಹೇಳಿ ಹೇಳಿ ಸೋತಿದ್ದಳು. ಸೋಮಿ ಆಮೆಯ ಹಿಂದೆಯೇ ಮರಳಿಗೆ ಬಂದಳು.

“ನಿಂಗೆ ಕೇಳದಿದ್ರೆ ನಾ ಮುಟ್ಟಿ ನೋಡ್ತೆ ಆಮಕ್ಕ” ಎಂದಳು. ಮರಳ ಮೇಲೆ ಅಂಗೈ ಊರಿ ಕೂತಳು. ಡೋಲಿಗೆ ಮರಳು ನಡುಗುತ್ತಿತ್ತು. ಅದರ ನಡುವೆ ಬೇರೆ ನಡುಕ ಇದೆಯೇ ಎಂದು ಅವಳು ಹುಡುಕುತ್ತಿದ್ದಳು. ಮನೆ ಕೆಲಸ ಮುಗಿಸಿ ಬಂದು ಕೂರುವಳು, ಕೂಸಿಗೆ ಹಾಲು ಕೊಟ್ಟು ಬಂದು ಮತ್ತೆ ಕೂರುವಳು.

ಒಂದು ಮಧ್ಯಾಹ್ನ. ಮರಳು ಹಂಚಿನ ಹಾಗೆ ಕಾದಿತ್ತು. ನೀರು ದೂರ ಹೋಗಿತ್ತು. ಆಕಾಶದಲ್ಲಿ ಹದ್ದುಗಳು ಸುತ್ತುತ್ತಿದ್ದವು. ಸೋಮಿಯ ಅಂಗೈ ಕೆಳಗೆ ಏನೋ ತಟ್ಟಿತು. ಸಣ್ಣಗೆ, ಬಿಡದೆ, ಒಂದೇ ಸಮನೆ ತಟ್ಟಿತು.

“ಇದು ಡೋಲಲ್ಲ ಆಮಕ್ಕಾ! ಮಕ್ಕಳು!”

ಆಮೆ ಮರಳಿಗೆ ಬಾಯಿಟ್ಟು ಕೂಗಿದಳು. “ತಡಿ ಮಗಾ! ತಡೀರೋ! ಈಗ ಬರಬೇಡಿ!” ಅವಳ ದನಿ ಅವಳಿಗೇ ಕೇಳಲಿಲ್ಲ. ಇನ್ನು ಒಳಗಿದ್ದ ಮಕ್ಕಳಿಗೆ ಎಲ್ಲಿಂದ ಕೇಳಬೇಕು? ಅವು “ಬರಲಾ?” ಎಂದು ಕೇಳಿದವು. ಮತ್ತೆ ಕೇಳಿದವು. ಅಮ್ಮ ಏನೂ ಅನ್ನಲಿಲ್ಲ. ಅಮ್ಮ ಏನೂ ಅನ್ನಲಿಲ್ಲ ಎಂದರೆ ಬೇಡ ಅನ್ನಲಿಲ್ಲ ಎಂದೇ ತಾನೇ ಮಕ್ಕಳು ತಿಳಿಯುವುದು?

ಸೋಮಿ ಬಿದ್ದಂಬೀಳ ಓಡಿದಳು. “ನಿಲ್ಲಿಸಿ! ಮರಿ ಬತ್ತಿದ್ದಾವೆ! ನಿಲ್ಲಿಸಿ!” ಎಂದು ಕಿರುಚಿದಳು. ಜಟ್ಟ ಅವಳ ಬಾಯಿ ಆಡುವುದನ್ನು ನೋಡಿದ. ಕಿವಿಯ ಕಡೆ ಬೆರಳು ತೋರಿಸಿ, ಕೇಳುವುದಿಲ್ಲ ಎಂದು ತಲೆಯಾಡಿಸಿ, ನಗುತ್ತ ಇನ್ನೂ ಜೋರಾಗಿ ಬಡಿದ. ಹಮ್ಮಣ್ಣ ಅವಳಿಗೂ ಕುಣಿಯುವಂತೆ ಕೈಸನ್ನೆ ಮಾಡಿದ.

ಸೋಮಿ ಮೀನು ಕೊಯ್ಯುವ ಕತ್ತಿ ಎತ್ತಿಕೊಂಡು ಡೋಲಿನ ತೊಗಲನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿಬಿಟ್ಟಳು.

ಡೋಲು ನಿಂತಿತು. ಡೋಲು ನಿಂತದ್ದು ನೋಡಿ ದಂಗಾಗಿ ಜಾಗಟೆಯೂ ನಿಂತಿತು. ಎಷ್ಟೋ ಕಾಲದ ಮೇಲೆ ಹಗಲಲ್ಲಿ ಆ ತೀರ ಮತ್ತೆ ಶಾಂತವಾಯಿತು. ಆ ಶಾಂತಿಯಲ್ಲಿ ಎಲ್ಲರಿಗೂ ಒಂದು ದನಿ ಕೇಳಿಸಿತು.

“ತಡಿ ಮಗಾ… ತಡಿ ಮಗಾ…”

ಜನ ಹೋಗಿ ನೋಡಿದರು. ಮರಳಿನ ಗುಂಡಿ ಒಡೆದಿತ್ತು. ಸುತ್ತಲೂ ಒಡೆದ ಮೊಟ್ಟೆಗಳಿದ್ದವು. ಗುಂಡಿಯಿಂದ ನೀರಿನ ಕಡೆಗೆ ಪುಟ್ಟ ಪುಟ್ಟ ಹೆಜ್ಜೆಗಳ ಗುರುತು ಹೊರಟಿತ್ತು. ಒಂದೂ ನೀರಿನವರೆಗೆ ಮುಟ್ಟಿರಲಿಲ್ಲ. ಹದ್ದುಗಳು ಗುಡ್ಡದ ಕಡೆಗೆ ಹಾರುತ್ತಿದ್ದವು. ಏಡಿಗಳು ಬಿಲದೊಳಗೆ ಸರಿಯುತ್ತಿದ್ದವು. ಆಮೆ ಬರಿದಾದ ಗುಂಡಿಗೆ ಬಾಯಿಟ್ಟು ಇನ್ನೂ ಹೇಳುತ್ತಲೇ ಇದ್ದಳು.

ಜಟ್ಟನ ಕೈಯಿಂದ ಡೋಲಿನ ಕೋಲು ಕೆಳಗೆ ಬಿತ್ತು. ಆಗಲಾದರೂ ಅವರಿಗೆಲ್ಲ ಬುದ್ಧಿ ಬಂತು ಎಂದು ಹೇಳಲು ನನಗೂ ಆಸೆ ಮಗೂ. ಆದರೆ ನಡೆದದ್ದು ಹಾಗಲ್ಲ.

ಮಂಕಾಳಿ ಹರಿದ ಡೋಲನ್ನು ನೋಡಿದ. ಬುಟ್ಟಿ ಹಿಡಿದು ನಿಂತ ಜನರನ್ನು ನೋಡಿದ. ತನ್ನ ದೋಣಿಯ ಮೀನು ಬಿಸಿಲಿಗೆ ಬಾಡುತ್ತಿದ್ದುದನ್ನು ನೋಡಿದ. ಮೆಲ್ಲಗೆ ಹೋಗಿ ಶಂಖ ಎತ್ತಿ ಊದಿದ. ಜನ ಒಬ್ಬೊಬ್ಬರಾಗಿ ಆ ಕಡೆಗೆ ನಡೆದರು. ಅದನ್ನು ನೋಡಿ ಜಟ್ಟನೂ ಹೊಸ ತೊಗಲು ಹುಡುಕಲು ಹೊರಟ.

ಆಮೆಯ ಕಣ್ಣಿಂದ ನೀರು ಇಳಿಯುತ್ತಿತ್ತು.

“ಪಾಪ, ಕಣ್ಣಿಗೆ ಮರಳು ಬಿದ್ದದೆ” ಎಂದ ಹಮ್ಮಣ್ಣ. ಅವನೂ ಬುಟ್ಟಿ ಎತ್ತಿಕೊಂಡು ಹೋದ. ಆಮೆ ಅಳುವುದು ಕಂಡರೆ ಇವತ್ತಿಗೂ ಜನ ಹಾಗೇ ಹೇಳುತ್ತಾರೆ.

ಸೋಮಿ ಒಬ್ಬಳೇ ಉಳಿದಳು. “ಹೋಗ್ಬೇಡ ಆಮಕ್ಕ” ಎಂದು ಅತ್ತಳು. “ಮುಂದಿನ ವರ್ಷವೂ ನಾ ಕೂರ್ತೆ ನಿನ್ನ ಸಂಗ್ತಿಗೆ.”

“ಬರ್ತೇನೆ ತಂಗಿ” ಎಂದಳು ಆಮೆ. “ನನಗೆ ಬೇರೆ ಮರಳು ಗೊತ್ತಿಲ್ಲ, ಇಲ್ಲಿಗೇ ಬರಬೇಕು. ಆದರೆ ಹಗಲಲ್ಲಿ ಬರುವುದಿಲ್ಲ. ನೀವೆಲ್ಲ ಮಲಗಿದ ಮೇಲೆ ಬಂದು, ಇಟ್ಟು, ಮುಚ್ಚಿ ಹೋಗ್ತೇನೆ. ಪಕ್ಕದಲ್ಲಿ ಕೂರುವುದಿಲ್ಲ. ಮಕ್ಕಳು ಕರೆಯುವುದು, ನಾನು ಇಲ್ಲೇ ಇದ್ದೂ ಓಗೊಡಲು ಆಗದಿರುವುದು, ಅದು ಇನ್ನೊಂದು ಸಲ ನನ್ನಿಂದಾಗದು. ತಾಯಿ ಇಲ್ಲವೆಂದೇ ಅವು ತಿಳಿಯಲಿ.”

ಹಾಗೆಂದು ಅವಳು ಕಡಲಿಗಿಳಿದಳು. ಆಮೇಲೆ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ಕಡಲಜ್ಜನ ಹತ್ತಿರವೂ ಇಲ್ಲ.

ಅಂದಿನಿಂದ ತಾಯಿ ಆಮೆ ಕತ್ತಲಲ್ಲಿ ಕಳ್ಳರ ಹಾಗೆ ಬರುತ್ತಾಳೆ, ಕಣ್ಣೀರು ಸುರಿಸುತ್ತ ಗುಂಡಿ ಮುಚ್ಚುತ್ತಾಳೆ, ತಿರುಗಿ ನೋಡದೆ ನೀರಿಗಿಳಿಯುತ್ತಾಳೆ. ಮರಿಗಳು ಯಾರನ್ನೂ ಕೇಳದೆ, ಒಂದನ್ನೊಂದು ತಳ್ಳಿಕೊಂಡು, ಒಟ್ಟಿಗೇ ಮರಳು ಒಡೆದು ಬಂದು, ಹೊಳೆಯುವುದೆಲ್ಲ ಕಡಲೆಂದು ಬೆಳಕು ಕಂಡ ಕಡೆಗೆ ಓಡುತ್ತವೆ. ಇವತ್ತು ಬೆಳಿಗ್ಗೆ ರಸ್ತೆಯ ದೀಪದ ಕಂಬದ ಬುಡದಲ್ಲಿ ನೀನು ನೋಡಿದೆಯಲ್ಲ ಮಗೂ, ಸತ್ತು ಬಿದ್ದಿದ್ದ ಆ ಪುಟ್ಟ ಮರಿಗೂ ತಡಿ ಮಗಾ ಎನ್ನಲು ಯಾರೂ ಇರಲಿಲ್ಲ.