ಎತ್ತಿಟ್ಟ ಹೂಗುಚ್ಛ

ಸಣ್ಣ ಊರಿನ ಬಸ್ ನಿಲ್ದಾಣದ ಆಲದಮರದಲ್ಲಿದ್ದ ಅಳಿಲಕ್ಕ ಕಾಲು ಮುರಿದುಕೊಂಡು ಮಲಗಿದ್ದಳು. ಅವಳ ಗೆಳತಿ, ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿ, ಮನಸ್ಸು ತಡೆಯದೆ ದಿನವೂ ಮೈನಾದ ಕೈಲಿ ತಾಜಾ ಹೂಗುಚ್ಛ ಕಳಿಸಿದಳು. ವಾರದ ಮೇಲೆ ತಾನೇ ನೋಡಲು ಬಂದರೆ, ಪೊಟರೆಯಲ್ಲಿ ಒಂದು ಎಸಳೂ ಕಾಣಲಿಲ್ಲ.

“ಹೂವೆಲ್ಲ ಎಲ್ಲಿ ಅಕ್ಕಾ?”

“ಕಾಳಿನ ಜೊತೆ ಒಳಗಿಟ್ಟಿದ್ದೇನೆ ತಾಯಿ. ಯಾರಾದರೂ ಬಂದಾಗ ತೆಗೆದರಾಯಿತು.”

“ಅಲ್ಲಿ ಕೊಳೆತುಹೋಗುತ್ತವಲ್ಲ. ಈಗ ನಾನು ಬಂದಿದ್ದೇನೆ, ತೆಗೆ.”

“ನೀನು ಮನೆಯವಳು. ನಿನಗೇಕೆ ಆ ಉಪಚಾರ?”

ಸೂರಕ್ಕಿಗೆ ರೇಗಿಹೋಯಿತು. ಹೊರಗೆ ಹಾರಿ, ಒಂದು ದಾಸವಾಳ ಕಿತ್ತು ತಂದು ಅಳಿಲಕ್ಕನ ಮೂಗಿನ ಮುಂದೆಯೇ ಇಟ್ಟಳು. ಅದನ್ನು ಎತ್ತಿಡಲು ಬಿಡದೆ, ಸಂಜೆ ಬಾಡುವ ತನಕ ಅಲ್ಲೇ ಕಾವಲು ಕೂತಳು.