ಅಂಜೂರದ ಮರ ಹೂ ಬಚ್ಚಿಟ್ಟದ್ದು

ಲೋಕವಿನ್ನೂ ಹೊಸ ಬಟ್ಟೆಯ ಹಾಗೆ ಗರಿಗರಿಯಾಗಿದ್ದ ಕಾಲ ಅದು. ತಾವು ಎಲ್ಲಿ ಕೂರಬೇಕು ಅನ್ನುವುದು ಬೆಟ್ಟಗಳಿಗೆ ಆಗಷ್ಟೇ ಗೊತ್ತಾಗಿತ್ತು. ಮರಗಳು ಮಾತಾಡುತ್ತಿದ್ದವು. ಗಾಳಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ದೇವರು ಮಾತ್ರ ಹೆಚ್ಚು ಮಾತಾಡದೆ ಎಲ್ಲರದ್ದನ್ನೂ ಕೇಳಿಸಿಕೊಳ್ಳುತ್ತಿದ್ದ.

ಆಗ ಅಂಜೂರದ ಮರ ಹೂ ಬಿಡುತ್ತಿತ್ತು. ನಗಬೇಡ ಮಗು, ನಿಜವಾಗಿಯೂ ಬಿಡುತ್ತಿತ್ತು. ಕೊಂಬೆಕೊಂಬೆಯಲ್ಲೂ ಕೆಂಪು ಹೂ, ರೇಷ್ಮೆ ಎಳೆಯಂಥ ಹೂ. ದಾರಿಹೋಕರು ನಿಂತು ನೋಡಿ, ಮೂಸಿ, ಕಿತ್ತುಕೊಂಡು ಹೋಗುತ್ತಿದ್ದರು. ಹಣ್ಣು ಮಾತ್ರ ಒಂದೂ ಇರಲಿಲ್ಲ. ಹೂವು ಕಾಯಾಗುವ ತನಕ ಯಾರಾದರೂ ಬಿಟ್ಟರೆ ತಾನೆ!

ಮರದ ಕೆಳಗೆ ಮೇಕೆ ಕಾಯುವವರ ಪಾಳೆಯವಿತ್ತು. ಮೇಕೆಕೂದಲಿನಿಂದ ನೇಯ್ದ ಕಪ್ಪು ಗುಡಾರಗಳು. ಆ ಜನರಲ್ಲಿ ಒಂದು ಪದ್ಧತಿ ಇತ್ತು. ಮಗು ಹುಟ್ಟಿದರೆ ಗುಡಾರದ ಬಾಗಿಲಿಗೆ ಅಂಜೂರದ ಹೂಮಾಲೆ ಕಟ್ಟಬೇಕು. ಕಟ್ಟುವ ತನಕ ಅಪ್ಪ ಒಳಗೆ ಕಾಲಿಡುವಂತಿಲ್ಲ, ಮಗುವಿಗೆ ಹೆಸರಿಡುವಂತಿಲ್ಲ, ಹೆಸರಿಲ್ಲದ ಮಗುವನ್ನು ಬಿಸಿಲಿಗೆ ತರುವಂತಿಲ್ಲ.

ಇನ್ನೂ ಒಂದು ಮಾತಿದೆ. ಗಂಡನಿಗೆ ಇಬ್ಬರು ಹೆಂಡಿರಿದ್ದರೆ, ಒಬ್ಬಳು ಹೆತ್ತಾಗ ಅವಳ ಬಾಗಿಲಿಗೆ ಮಾಲೆ ಕಟ್ಟುವ ಕೆಲಸ ಇನ್ನೊಬ್ಬಳದು. ಅವಳೇ ಹೂ ಕೀಳಬೇಕು, ಅವಳೇ ಪೋಣಿಸಬೇಕು, ಅವಳೇ ಕಟ್ಟಬೇಕು. ಸವತಿಯರು ಅಕ್ಕತಂಗಿಯರ ಹಾಗೆ ಇರಲಿ ಎಂದು ಯಾರೋ ಹಿರಿಯರು ಮಾಡಿದ ಏರ್ಪಾಡಂತೆ. ಆ ಹಿರಿಯ ಖಂಡಿತ ಗಂಡಸೇ ಇರಬೇಕು.

ಆ ಪಾಳೆಯದ ಗದ್ದಿಯೇಲನಿಗೆ ಇಬ್ಬರು ಹೆಂಡಿರು. ಹಿರಿಯವಳು ಯೆರೂಷಾ, ಕಿರಿಯವಳು ಹೊಗ್ಲಾ. ಯೆರೂಷಾಳಿಗೆ ಮಕ್ಕಳಾಗಲಿಲ್ಲ. ಕಾದಳು, ಕಾದಳು, ಕೊನೆಗೆ ತಾನೇ ಮುಂದೆ ನಿಂತು ಗಂಡನಿಗೆ ಹೊಗ್ಲಾಳನ್ನು ತಂದಳು. "ಮನೆ ತುಂಬಲಿ" ಅಂದಳು. ಅನ್ನುವಾಗ ದೊಡ್ಡ ಮನಸ್ಸೇ ಇತ್ತು. ಹೊಗ್ಲಾಳ ಹೊಟ್ಟೆ ಮುಂದೆ ಬಂದದ್ದೇ ತಡ, ಆ ದೊಡ್ಡ ಮನಸ್ಸು ಎಲ್ಲಿ ಹೋಯಿತೋ!

ಹೊಗ್ಲಾಳಿಗೆ ಗಂಡುಮಗು ಹುಟ್ಟಿತು. ಯೆರೂಷಾ ಬುಟ್ಟಿ ಹಿಡಿದು ಹೂ ಕಿತ್ತಳು, ಮುಳ್ಳಿನ ಸೂಜಿಯಲ್ಲಿ ಪೋಣಿಸಿದಳು. ಬಾಗಿಲಿಗೆ ಕಟ್ಟುವಾಗ ಒಳಗಿನಿಂದ ಹೊಗ್ಲಾ ಕೂಗಿದಳು:

"ಅಕ್ಕಾ, ಆ ಕಡೆ ಸ್ವಲ್ಪ ಬಿಗಿಯಾಗಿ ಕಟ್ಟೇ. ಗಾಳಿಗೆ ಬಿದ್ದುಹೋದೀತು."

ಯೆರೂಷಾ ಬಿಗಿಯಾಗಿ ಕಟ್ಟಿದಳು. ಅದಕ್ಕಿಂತ ಬಿಗಿಯಾಗಿ ಹಲ್ಲು ಕಚ್ಚಿದಳು.

ಮತ್ತೆ ಹೊಗ್ಲಾಳಿಗೆ ಗಂಡುಮಗು ಹುಟ್ಟಿತು. ಮತ್ತೆ ಬುಟ್ಟಿ, ಮತ್ತೆ ಮುಳ್ಳಿನ ಸೂಜಿ, ಮತ್ತೆ ಆ ಬಾಗಿಲು. ಗದ್ದಿಯೇಲ ಮಾಲೆಯ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದ. ಹೋಗುವಾಗ ಯೆರೂಷಾಳ ಕಡೆ ತಿರುಗಿ, "ನೀನು ಕಟ್ಟಿದರೆ ಎಷ್ಟು ಚೆನ್ನ!" ಅಂದ. ಒಳ್ಳೆಯ ಮನುಷ್ಯನೇ. ಯಾವಾಗ ಏನು ಹೇಳಬೇಕು ಅನ್ನುವುದು ಮಾತ್ರ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಯೆರೂಷಾ ಬಂದು ಅಂಜೂರದ ಮರದ ಬುಡದಲ್ಲಿ ಕೂತಳು. ಮರ ಬೋಳಾಗಿತ್ತು.

"ಎಲ್ಲ ಕಿತ್ತುಕೊಂಡೆಯಾ?" ಎಂದಿತು ಮರ. "ಅಲ್ಲಿ ನೋಡು ಆ ದಾಳಿಂಬೆ. ಎಷ್ಟು ಕಾಯಿ! ಒಂದೊಂದರ ಒಳಗೂ ಮತ್ತೆಷ್ಟು ಬೀಜ! ಅಷ್ಟೊಂದು ಇಟ್ಟುಕೊಂಡು ಏನು ಮಾಡುತ್ತಾಳೆ?"

"ಹೊಗ್ಲಾಳ ಹಾಗೇ. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಸೆರಗಿಗೆ ಜೋತುಬೀಳಿಸಿಕೊಂಡು ಬಾವಿಗೆ ಬರುತ್ತಾಳೆ. ಬೇಕೆಂದೇ ನನ್ನ ಮುಂದೆ ಬರುತ್ತಾಳೆ."

"ಆಲಿವ್ ಮರಕ್ಕೂ ಇದೆ."

"ಮೇಕೆಗಳಿಗೂ ಇದೆ."

"ಎಲ್ಲರಿಗೂ ಇದೆ, ನಮಗೆ ಮಾತ್ರ ಇಲ್ಲ" ಎಂದು ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಹೊಟ್ಟೆಕಿಚ್ಚನ್ನು ಹಂಚಿಕೊಳ್ಳಲು ಜೊತೆಗೊಬ್ಬರು ಸಿಕ್ಕರೆ ಅದೂ ಒಂದು ಸುಖವೇ. ದಿನವೂ ಹೀಗೆ ಕೂತು ಆಡಿಕೊಳ್ಳುತ್ತಿದ್ದರು.

ಆದರೆ ಯೆರೂಷಾ ಇನ್ನೊಂದು ಕೆಲಸವನ್ನೂ ದಿನವೂ ಮಾಡುತ್ತಿದ್ದಳು. ಸಂಜೆಯಾದರೆ ಪಾಳೆಯದ ಆಚೆ ದೇವರಿಗೆಂದು ಪೇರಿಸಿದ್ದ ಕಲ್ಲುಗುಪ್ಪೆಯ ಹತ್ತಿರ ಹೋಗಿ ನಿಂತು, "ಕರ್ತನೇ, ನಾನು ಯೆರೂಷಾ. ಇವತ್ತೂ ಬಂದಿದ್ದೇನೆ" ಅನ್ನುತ್ತಿದ್ದಳು. ಮಳೆ ಬಂದರೂ ಹೋಗುತ್ತಿದ್ದಳು. ಜ್ವರ ಬಂದರೂ ಹೋಗುತ್ತಿದ್ದಳು. ದೇವರ ಮೇಲೆ ಸಿಟ್ಟು ಬಂದ ದಿನವೂ ಹೋಗಿ, "ಬಂದಿದ್ದೇನೆ, ಆದರೆ ಇವತ್ತು ಮಾತಾಡುವುದಿಲ್ಲ" ಎಂದು ಹೇಳಿ ಬರುತ್ತಿದ್ದಳು. ಬಾವಿಯ ಹೆಂಗಸರು ಬೆನ್ನ ಹಿಂದೆ ಅವಳನ್ನು ಬಂಜೆ ಎಂದು ಕರೆದರು, ಹುಚ್ಚಿ ಎಂದೂ ಕರೆದರು. ಅವಳು ಹೋಗುವುದು ಮಾತ್ರ ನಿಲ್ಲಲಿಲ್ಲ.

ಒಂದು ದಿನ ಗಾಳಿ ಓಡಿಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿತು:

"ಗೊತ್ತಾಯಿತಾ? ಹೊಗ್ಲಾ ಮತ್ತೆ ಬಸುರಿ!"

ಯೆರೂಷಾ ಕೈ ಕೊಡವಿಕೊಂಡು ಎದ್ದಳು. ರೊಟ್ಟಿಯ ಹಿಟ್ಟನ್ನು ಅಲ್ಲೇ ಬಿಟ್ಟು ಕಲ್ಲುಗುಪ್ಪೆಗೆ ನಡೆದಳು. ಆ ಸಂಜೆ ತನಗಾಗಿ ಏನೂ ಕೇಳಲಿಲ್ಲ.

"ಕರ್ತನೇ, ನನಗೆ ಕೊಡುವುದಿಲ್ಲವಾದರೆ ಬಿಡು. ಆ ಮರದ ಹೂವನ್ನಾದರೂ ಯಾರ ಕಣ್ಣಿಗೂ ಬೀಳದ ಹಾಗೆ ಬಚ್ಚಿಡು. ಯಾರೂ ಕೀಳದಿದ್ದರೆ ಅದಕ್ಕಾದರೂ ಕಾಯಿ ಬಂದೀತು. ಅವಳ ಬಾಗಿಲಿಗೆ ಇನ್ನೊಂದು ಮಾಲೆ ಕಟ್ಟುವುದು ನನ್ನಿಂದಾಗದು."

ಮರದ ಮೇಲಿನ ಕನಿಕರಕ್ಕೆ ಕೇಳಿದಳೋ, ಸವತಿಯ ಮೇಲಿನ ಉರಿಗೆ ಕೇಳಿದಳೋ, ಅವಳಿಗೇ ಗೊತ್ತಿರಲಿಲ್ಲ. ದೇವರಿಗೆ ಗೊತ್ತಿತ್ತು. ಆದರೂ ಕೇಳಿಸಿಕೊಂಡ.

ಮುಂದಿನ ಚಿಗುರಿನ ಕಾಲದಲ್ಲಿ ಅಂಜೂರದ ಮರ ಒಂದೂ ಹೂ ಬಿಡಲಿಲ್ಲ. ಎಲೆಯ ಬುಡದಲ್ಲಿ ಹಸಿರು ಗುಂಡಿಗಳಂಥವು ಕಾಣಿಸಿಕೊಂಡವು, ಅಷ್ಟೇ. ಅದೇನೆಂದು ಯಾರಿಗೂ ತಿಳಿಯಲಿಲ್ಲ.

ಹೊಗ್ಲಾಳಿಗೆ ಹೆಣ್ಣುಮಗು ಹುಟ್ಟಿತು. ಬಾಗಿಲಿಗೆ ಕಟ್ಟಲು ಹೂವಿಲ್ಲ. ಗದ್ದಿಯೇಲ ಗುಡಾರದ ಹೊರಗೆ ಕೂತ, ಎದ್ದ, ಮತ್ತೆ ಕೂತ. "ದಾಳಿಂಬೆ ಹೂ ಕಟ್ಟಿದರಾಗದೇ?" ಎಂದು ಮುದುಕಿಯರನ್ನು ಕೇಳಿದ. ಮುದುಕಿಯರು ಕಿವಿ ಮುಚ್ಚಿಕೊಂಡರು.

ಮೊದಲ ದಿನ ಯೆರೂಷಾಳಿಗೆ ಖುಷಿಯೋ ಖುಷಿ. ರೊಟ್ಟಿ ತಟ್ಟುತ್ತಾ ಹಾಡು ಗುನುಗಿದಳು. ಮರುದಿನ ಹಾಡು ಸ್ವಲ್ಪ ಸಣ್ಣದಾಯಿತು. ಹೊಗ್ಲಾಳ ಗುಡಾರದೊಳಗೆ ಗಾಳಿಯಿಲ್ಲ, ಬೆಳಕಿಲ್ಲ, ಮಗು ಒಂದೇ ಸಮನೆ ಅಳುತ್ತಿತ್ತು. ಆಮೇಲಾಮೇಲೆ ಅಳುವುದೂ ಕಡಿಮೆಯಾಯಿತು. ಸೂಲಗಿತ್ತಿ ಹೊರಗೆ ಬಂದು, "ಮಗು ಹಾಲು ಹಿಡಿಯುತ್ತಿಲ್ಲ. ಈ ಧಗೆಯಲ್ಲಿ ಎಷ್ಟು ದಿನ ಉಳಿದೀತು?" ಎಂದು ತಲೆ ಅಲ್ಲಾಡಿಸಿದಳು.

ಯೆರೂಷಾಳಿಗೆ ಊಟ ಸೇರಲಿಲ್ಲ. ಮನಸ್ಸು ಹಗುರ ಮಾಡಿಕೊಳ್ಳೋಣವೆಂದು ಮರದ ಬಳಿಗೆ ಹೋದಳು.

"ಕೇಳಿದೆಯಾ..." ಎಂದು ಬಾಯಿ ತೆರೆದಳೋ ಇಲ್ಲವೋ, ಮರ ಎಲೆಗಳನ್ನು ಮೆಲ್ಲಗೆ ಅಲ್ಲಾಡಿಸಿತು.

"ಶ್! ಮೆತ್ತಗೆ ಮಾತಾಡು. ಮಕ್ಕಳು ಮಲಗಿವೆ."

"ಯಾವ ಮಕ್ಕಳು?"

"ನನ್ನವು! ನೋಡು, ಎಷ್ಟು ದುಂಡಗಾಗಿವೆ! ಈ ಕೊಂಬೆಯಲ್ಲಿರುವವನು ನನ್ನ ಚೊಚ್ಚಲು. ಇವನಿಗೆ ಬಿಸಿಲು ಆಗುವುದಿಲ್ಲ, ಎಲೆ ಅಡ್ಡ ಹಿಡಿಯಬೇಕು. ಮಕ್ಕಳ ಚಾಕರಿ ಅಂದರೆ ಏನು ಅಂದುಕೊಂಡೆ? ನಿನಗೆಲ್ಲಿ ಗೊತ್ತಾಗಬೇಕು!"

ಯೆರೂಷಾ ನಿಂತಲ್ಲೇ ನಿಂತಳು. ಹೊಗ್ಲಾ ಇಂಥ ಮಾತಾಡಿದ್ದರೆ ಸಹಿಸಬಹುದಿತ್ತು. ತನ್ನ ಪಕ್ಕ ಕೂತು ನಿಟ್ಟುಸಿರು ಬಿಡುತ್ತಿದ್ದ ಮರ, ತಾನೇ ಬೇಡಿ ಕಾಯಿ ಕೊಡಿಸಿದ ಮರ!

"ನೀನೂನಾ?" ಎಂದಳು. ಕೈ ಚಾಚಿ ಆ ಚೊಚ್ಚಲ ಕಾಯಿಯನ್ನೇ ಕಿತ್ತುಬಿಟ್ಟಳು.

ಮರ ಚೀರಿತು. ಮುರಿದ ತೊಟ್ಟಿನಿಂದ ಬೆಳ್ಳನೆಯ ಹಾಲು ಸುರಿದು ಅವಳ ಬೆರಳ ಸಂದಿಗೆಲ್ಲ ಹರಿಯಿತು. ಎಂದೂ ಹಾಲೂಡದ ಹೆಂಗಸು ತನ್ನ ಕೈಮೇಲಿನ ಹಾಲನ್ನೇ ನೋಡುತ್ತಾ ನಿಂತಳು. ಬೆರಳುಗಳು ತಾವೇ ಬಿಗಿದುಕೊಂಡವು. ಹಿಡಿತದಲ್ಲಿದ್ದ ಕಾಯಿ ಸೀಳಿಹೋಯಿತು.

ಒಳಗೆ ಹೂವಿತ್ತು.

ಒಂದಲ್ಲ, ಎರಡಲ್ಲ, ಒತ್ತೊತ್ತಾಗಿ ತುಂಬಿದ ಹೂ. ಅದೇ ಕೆಂಪು, ಅದೇ ರೇಷ್ಮೆ ಎಳೆ. ಯಾರ ಕಣ್ಣಿಗೂ ಬೀಳದ ಹಾಗೆ, ಯಾರ ಕೈಗೂ ಸಿಗದ ಹಾಗೆ, ಹೂವುಗಳೆಲ್ಲ ಒಳಮುಖವಾಗಿ ಅರಳಿಕೊಂಡಿದ್ದವು.

ಗಾಳಿ ಉಸಿರು ಬಿಗಿಹಿಡಿದು ಇಣುಕಿತು. "ಅಯ್ಯೋ, ಹೂ ಇಲ್ಲೇ ಇದೆ! ಹೋಗಿ ಎಲ್ಲರಿಗೂ ಹೇಳಲಾ?"

"ಬಾಯಿ ಮುಚ್ಚಿಕೊಂಡಿರು" ಅಂದಳು ಯೆರೂಷಾ.

ಅವಳು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕಾಯಿಯನ್ನು ಮೇಕೆಗೆ ಎಸೆದುಬಿಟ್ಟರೆ ಆಯಿತು. ಹೊಗ್ಲಾಳ ಬಾಗಿಲು ಬರಿದಾಗಿಯೇ ಇರುತ್ತದೆ. ಎಸೆಯಲು ಕೈ ಎತ್ತಿದ್ದೂ ಉಂಟು. ನಾನು ಸುಳ್ಳು ಹೇಳುವುದಿಲ್ಲ ಮಗು, ಎತ್ತಿದ್ದಳು.

ಕೈ ಹಾಗೇ ನಿಂತಿತು. ಸೀಳಿದ ಕಾಯಿಯನ್ನು ಮತ್ತೆ ನೋಡಿದಳು. ಹೂವೇ ಇಲ್ಲವೆಂದು ಇಡೀ ಪಾಳೆಯ ಅಳುತ್ತಿದ್ದಾಗ ಅದು ಇಲ್ಲೇ ಇತ್ತು. ದೇವರು ಅದನ್ನು ತೆಗೆದುಕೊಂಡಿರಲಿಲ್ಲ, ಬಚ್ಚಿಟ್ಟಿದ್ದ, ಅಷ್ಟೇ.

"ಕರ್ತನೇ," ಎಂದಳು ಮೆಲ್ಲಗೆ, "ನನ್ನದನ್ನೂ ಎಲ್ಲಾದರೂ ಬಚ್ಚಿಟ್ಟಿದ್ದೀಯಾ?"

ಎಂದಿನ ಹಾಗೆ ದೇವರು ಕೇಳಿಸಿಕೊಂಡ. ಯೆರೂಷಾ ಕಣ್ಣೊರೆಸಿಕೊಂಡು ಮರದ ಕಾಂಡಕ್ಕೆ ಕೈಯಿಟ್ಟಳು.

"ತಪ್ಪಾಯಿತು. ಸಿಟ್ಟಿನಲ್ಲಿ ಕಿತ್ತೆ. ಈಗ ಕೇಳಿಕೊಂಡು ಕೀಳಬೇಕಾಗಿದೆ. ಎಲ್ಲವೂ ಬೇಡ, ಒಂದು ಮಾಲೆಗಾಗುವಷ್ಟು ಕೊಡು."

"ಯಾರಿಗೆ?" ಎಂದಿತು ಮರ ಬಿಕ್ಕುತ್ತಾ. "ಅವಳಿಗಾ? ಅವಳನ್ನು ಕಂಡರೆ ನಿನಗೆ ಉರಿಯುತ್ತದಲ್ಲ!"

"ಉರಿಯುತ್ತದೆ. ಈಗಲೂ ಉರಿಯುತ್ತಿದೆ. ಆದರೆ ಆ ಕೂಸು ಉಳಿಯಬೇಕು."

ಮರ ಒಂದು ಕೊಂಬೆಯನ್ನು ನಿಧಾನವಾಗಿ ಬಗ್ಗಿಸಿಕೊಟ್ಟಿತು. ಯೆರೂಷಾ ಒಂದೊಂದು ಕಾಯಿಗೂ "ಕ್ಷಮಿಸು" ಎಂದು ಹೇಳಿ ಕಿತ್ತಳು, ಸೀಳಿದಳು, ಹೂವು ಹೊರಗೆ ಕಾಣುವಂತೆ ಮಗುಚಿ ಪೋಣಿಸಿದಳು. ಬಾಗಿಲಿಗೆ ಕಟ್ಟಿದಳು. ಮುದುಕಿಯರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು, ಮೂಸಿದರು. ಹೂವೇ ಹೌದು ಅಂದರು.

ಗದ್ದಿಯೇಲ ಒಳಗೆ ಓಡಿ ಮಗುವನ್ನು ಎತ್ತಿ ಹೆಸರು ಕೂಗಿದ. ಕೆಜೀಯಾ ಎಂದು ಹೆಸರು. ಮಗುವನ್ನು ಬಯಲಿಗೆ, ತಂಪು ಗಾಳಿಗೆ ತಂದರು. ಅದು ಒಮ್ಮೆ ಸೀನಿತು, ಕೈಕಾಲು ಆಡಿಸಿತು, ಆಮೇಲೆ ಚಪ್ಪರಿಸಿ ಚಪ್ಪರಿಸಿ ಹಾಲು ಕುಡಿಯಿತು.

ಹೊಗ್ಲಾ ಯೆರೂಷಾಳ ಮುಖವನ್ನೇ ನೋಡಿದಳು. "ಅಕ್ಕಾ, ಹೂ ಎಲ್ಲಿದೆ ಅಂತ ನಿನಗೊಬ್ಬಳಿಗೇ ಗೊತ್ತಿತ್ತು. ಸುಮ್ಮನಿರಬಹುದಿತ್ತು ನೀನು."

"ಇರಬಹುದಿತ್ತು. ಇರಬೇಕು ಅಂತಲೂ ಅನ್ನಿಸಿತ್ತು."

"ನಾನಾಗಿದ್ದರೆ ಸುಮ್ಮನಿರುತ್ತಿದ್ದೆ ಕಣೇ" ಎಂದಳು ಹೊಗ್ಲಾ. ಅತ್ತುಬಿಟ್ಟಳು. "ನಾನು ಎಷ್ಟು ಹೆತ್ತರೂ ಅವರು ನಿನ್ನ ಕೈಯಡುಗೆಯನ್ನೇ ಹುಡುಕಿಕೊಂಡು ಹೋಗುತ್ತಾರೆ. ನನಗೂ ಉರಿಯುತ್ತದೆ."

ಯೆರೂಷಾಳಿಗೆ ನಗು ಬಂತು. ಮೊದಲ ಸಲ ಆ ಮಗುವನ್ನು ಕೈಗೆತ್ತಿಕೊಂಡಳು.

ಅವಳ ಹೊಟ್ಟೆಕಿಚ್ಚು ಅಂದೇ ಆರಿಹೋಯಿತು ಅಂದುಕೊಳ್ಳಬೇಡ. ಬಾವಿಯ ಹತ್ತಿರ ಬಸುರಿಯರನ್ನು ಕಂಡರೆ ಮುಖ ಆಚೆ ತಿರುಗಿಸುವುದು ಇದ್ದೇ ಇತ್ತು. ಆದರೆ ಸಂಜೆ ಕಲ್ಲುಗುಪ್ಪೆಯ ಹತ್ತಿರ ಅವಳ ಮಾತು ಬೇರೆಯಾಯಿತು. "ಕರ್ತನೇ, ಇವತ್ತೂ ಬಂದಿದ್ದೇನೆ. ಬಚ್ಚಿಟ್ಟಿದ್ದನ್ನು ಜೋಪಾನವಾಗಿ ಇಟ್ಟುಕೋ" ಅನ್ನುತ್ತಿದ್ದಳು.

ಅವಳಿಗೆ ಮಗುವಾಯಿತಾ ಅಂತ ಕೇಳುತ್ತೀಯಾ? ಆಯಿತು. ತಲೆ ನರೆತ ಮೇಲೆ ಆಯಿತು. ಬಹಳ ದಿನ ಅವಳು ಯಾರಿಗೂ ಹೇಳಲಿಲ್ಲ, ಗಾಳಿಗಂತೂ ಸುಳಿವೇ ಕೊಡಲಿಲ್ಲ. ಸಡಿಲ ಅಂಗಿ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ರೊಟ್ಟಿ ತಟ್ಟುತ್ತಾ ಓಡಾಡಿದಳು. ಕೊನೆಗೆ ಒಂದು ಬೆಳಗ್ಗೆ ಅವಳ ಗುಡಾರದಿಂದ ಎಳೆಗೂಸಿನ ಅಳು ಕೇಳಿ ಇಡೀ ಪಾಳೆಯ ಬಾಯಿಮೇಲೆ ಬೆರಳಿಟ್ಟುಕೊಂಡಿತು. ಪದ್ಧತಿಯಂತೆ ಹೊಗ್ಲಾ ಬುಟ್ಟಿ ಹಿಡಿದು ಮರದ ಬಳಿಗೆ ಓಡಿದಳು. ಹಣ್ಣು ಸೀಳುತ್ತಾ, "ಇಷ್ಟು ವಯಸ್ಸಾದ ಮೇಲೂ ನನ್ನ ಮಕ್ಕಳಿಗಿಂತ ಚೆಂದದ ಮೂಗಿನ ಮಗು ಬೇಕಾಗಿತ್ತಾ ಇವಳಿಗೆ!" ಎಂದು ಗೊಣಗಿದಳಂತೆ. ಗೊಣಗುತ್ತಾ ಅಳುತ್ತಿದ್ದಳಂತೆ.

ಅದಕ್ಕೇ ಮಗು, ಇಂದಿಗೂ ಅಂಜೂರದ ಮರದಲ್ಲಿ ಹೂ ಹುಡುಕಿದವರಿಗೆ ಹೂ ಸಿಗುವುದಿಲ್ಲ. ಕಾಯಿ ಕಿತ್ತರೆ ತೊಟ್ಟಿನಲ್ಲಿ ಹಾಲು ಸುರಿಯುತ್ತದೆ, ಹಣ್ಣು ಬಿಡಿಸಿದರೆ ಒಳಗೆ ಕೆಂಪಗೆ, ಒತ್ತೊತ್ತಾಗಿ, ಅಷ್ಟು ದಿನವೂ ಅಲ್ಲೇ ಇದ್ದ ಹೂವೆಲ್ಲ ನಿನ್ನ ಕೈಯಲ್ಲಿರುತ್ತದೆ.